ಚಿತ್ರ ಹೋದ ಊರಲ್ಲಿ ಮಳೆ

ವ್ಯೋಮದೀಪ ಕಂಪನಿಯ ನಾಲ್ಕನೆಯ ಉಪಗ್ರಹದಲ್ಲಿ ಇನ್ನೂ ಐದು ವರ್ಷಕ್ಕೆ ಸಾಲುವಷ್ಟು ಇಂಧನವಿತ್ತು. ಗಿರಾಕಿಗಳು ಮಾತ್ರ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡುತ್ತಿದ್ದರು.

ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದಲ್ಲಿ ಆ ಉಪಗ್ರಹ ಭೂಮಿಯ ಜೊತೆಜೊತೆಗೇ ಸುತ್ತುತ್ತಿತ್ತು. ಹಾಗಾಗಿ ನೆಲದ ಮೇಲಿನವರ ಪಾಲಿಗೆ ಅದು ಆಕಾಶಕ್ಕೆ ಮೊಳೆ ಹೊಡೆದು ತೂಗುಹಾಕಿದ ಹಾಗೆ ಸದಾ ಒಂದೇ ಕಡೆ ಇರುತ್ತಿತ್ತು. ಮಾಳಿಗೆಯ ಮೇಲೊಂದು ಡಿಶ್ ಇಟ್ಟು, ಒಮ್ಮೆ ಅದರತ್ತ ತಿರುಗಿಸಿ ಬಿಗಿದರೆ ವರ್ಷಗಟ್ಟಲೆ ಟಿವಿ ನೋಡಬಹುದಿತ್ತು. ಬಹುಕಾಲ ಈ ವ್ಯಾಪಾರ ಚೆನ್ನಾಗಿ ನಡೆಯಿತು. ಆಮೇಲೆ ಕೆಳಗಿನ ಕಕ್ಷೆಗಳಲ್ಲಿ ಸಾವಿರಾರು ಪುಟ್ಟ ಉಪಗ್ರಹಗಳ ಹಿಂಡು ಬಂತು, ಊರೂರಿಗೂ ಫೈಬರ್ ತಂತಿ ಬಂತು, ಟಿವಿ ಫೋನಿನೊಳಗೆ ಇಳಿಯಿತು. ಇಪ್ಪತ್ತಾರು ಚಾನೆಲ್‌ಗಳು ಹತ್ತಾದವು, ನಾಲ್ಕಾದವು. ಆ ವರ್ಷದ ಮೇ ತಿಂಗಳ ಹೊತ್ತಿಗೆ ಉಳಿದದ್ದು 'ಮಂದಾರ' ಎಂಬ ಒಂದೇ ಒಂದು ಧಾರಾವಾಹಿಗಳ ಚಾನೆಲ್.

ಧಾರವಾಡದ ಹೊರಗೆ, ಸವದತ್ತಿ ರಸ್ತೆಯಲ್ಲಿದ್ದ ಕಂಪನಿಯ ನಿಯಂತ್ರಣ ಕೇಂದ್ರದಲ್ಲಿ ಮುಖ್ಯಸ್ಥ ಶ್ರೀಪಾದ ಗಲಗಲಿಯವರು ವಾಣಿಜ್ಯ ವಿಭಾಗದ ಇಂದುಮತಿ ಸಿರಸಂಗಿಯನ್ನು ತಮ್ಮ ಕೋಣೆಗೆ ಕರೆಸಿಕೊಂಡರು.

"ಸುತ್ತು ಬಳಸಿ ಹೇಳೂದಿಲ್ಲ, ಇಂದುಮತಿ," ಎಂದರು. "ನವೆಂಬರದಾಗ ಆಡಳಿತ ಮಂಡಳಿ ಕೂಡ್ತದ. ಅಷ್ಟರಾಗ ಹೊಸಾ ಗಿರಾಕಿ ತೋರಸ್ಲಿಲ್ಲಂದ್ರ ನಾಲ್ಕನೇದನ್ನ ಮ್ಯಾಲೆ ತಳ್ಳಿ ಆರಿಸಿಬಿಡೂದು."

ಮೇಲೆ ತಳ್ಳುವುದೆಂದರೆ, ಇದ್ದ ಇಂಧನವನ್ನು ಉರಿಸಿ ಉಪಗ್ರಹವನ್ನು ಇನ್ನೂ ಮುನ್ನೂರು ಕಿಲೋಮೀಟರ್ ಎತ್ತರಕ್ಕೆ ಕಳಿಸಿ, ಯಾರ ದಾರಿಗೂ ಅಡ್ಡ ಬರದಂತೆ ಅಲ್ಲೇ ಸಾಯಲು ಬಿಡುವುದು. ಅದರ ಹಿಂದೆಯೇ ಈ ಕೇಂದ್ರಕ್ಕೂ ಬೀಗ. ನೂರಾ ನಲವತ್ತು ಜನರ ಕೆಲಸ.

"ಮಂದಾರದವರ ಕರಾರು ಇನ್ನೂ ಒಂದು ವರ್ಷ ಐತೆಲ್ರಿ ಸರ್?"

"ಅದೊಂದ ಎಳೀ ಹಿಡಕೊಂಡು ಜೋತು ಬೀಳ್ಲಿಕ್ಕೆ ಆಗೂದಿಲ್ಲ. ನೀವು ನೋಡ್ರಿ, ಏನರ ಆಗ್ತದೇನು."

ಇಂದುಮತಿಗೆ ನಲವತ್ತಾರು ವರ್ಷ. ಈ ಕಂಪನಿಗೆ ಅವಳು ಬಂದದ್ದು ದೂರು ವಿಭಾಗದ ಫೋನ್ ಎತ್ತುವ ಹುಡುಗಿಯಾಗಿ. ಹೆಡ್‌ಫೋನ್ ಹಾಕಿಕೊಂಡು ದಿನಕ್ಕೆ ನೂರು ಸಲ "ನಮಸ್ಕಾರ, ತಮ್ಮ ತೊಂದರೆ ಹೇಳ್ರಿ" ಅಂದವಳು. ಜನರ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವ ಗುಣದಿಂದಲೇ ಮೆಟ್ಟಿಲು ಮೆಟ್ಟಿಲಾಗಿ ವಾಣಿಜ್ಯ ವಿಭಾಗದ ತಲೆಯಾಳಾಗಿದ್ದಳು. ಮುಂದಿನ ಮೂರು ವಾರ ಅವಳು ಹಡಗು ಕಂಪನಿ, ಬ್ಯಾಂಕು, ಆಸ್ಪತ್ರೆ ಎಂದು ಎಲ್ಲರ ಬಾಗಿಲನ್ನೂ ತಟ್ಟಿದಳು. ಎಲ್ಲರೂ ಚಹಾ ಕೊಟ್ಟರು. ಎಲ್ಲರೂ ಒಂದೇ ಮಾತು ಹೇಳಿದರು: ನಿಮ್ಮ ಉಪಗ್ರಹ ಬಹಳ ದೂರ, ಸಿಗ್ನಲ್ ಹೋಗಿ ಬರುವುದಕ್ಕೆ ತಡವಾಗುತ್ತದೆ, ಮೇಲಾಗಿ ಮಳೆ ಬಂದರೆ ಕೈಕೊಡುತ್ತದೆ.

ಆ ಮೂರನೆಯ ದೂರನ್ನು ಅವಳು ಇಪ್ಪತ್ತು ವರ್ಷದಿಂದ ಕೇಳುತ್ತ ಬಂದಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಮನೆಯಲ್ಲಿ ಊಟ ಮುಗಿದಿತ್ತು. ಗಂಡ ಮಹಾಂತೇಶ ಸ್ಕೂಟರ್ ಬಿಚ್ಚಿಕೊಂಡು ಅಂಗಳದಲ್ಲಿ ಕೂತಿದ್ದ. ಅತ್ತೆ ಗಂಗವ್ವ ಒಳಗೆ ಮಂದಾರ ಚಾನೆಲ್‌ನಲ್ಲಿ ಹಳೆಯ ಕಂತು ನೋಡುತ್ತಿದ್ದರು. ಮಾಳಿಗೆಯ ಮೇಲೆ ಎರಡು ಸೀರೆ ಹಾಸಿ ಸಂಡಿಗೆ ಒಣಗಿಸಿದ್ದರು. ಗಂಗವ್ವನ ಫೋನ್ ರಿಂಗಾಯಿತು. ಅವರು ಅರ್ಧ ನಿಮಿಷವೂ ಮಾತಾಡಲಿಲ್ಲ, ಫೋನಿಟ್ಟು ಎದ್ದರು.

"ಇಂದೂ, ಬಾ ಮ್ಯಾಲ. ಸಂಡಿಗಿ ತಗೀಬೇಕು."

"ಯಾಕ್ರೀ ಅತ್ತಿ? ಬಿಸಲು ಸುಡಾಕತ್ತೈತಿ."

"ನೀಲವ್ವನ ಮನ್ಯಾಗ ಚಿತ್ರ ಹೋತಂತ."

ನೀಲವ್ವ ಗಂಗವ್ವನ ತಂಗಿ. ಪಶ್ಚಿಮಕ್ಕೆ ಇಪ್ಪತ್ತೈದು ಕಿಲೋಮೀಟರ್ ದೂರದ ಹಳ್ಳಿಯಲ್ಲಿದ್ದಳು. ಇಂದುಮತಿಗೆ ಅರ್ಥವಾಗಲಿಲ್ಲ, ಆದರೂ ಅತ್ತೆಯ ಮಾತು ತೆಗೆದುಹಾಕಬಾರದೆಂದು ಮೇಲೆ ಹೋಗಿ ಸೀರೆಯ ತುದಿ ಹಿಡಿದಳು. ಸಂಡಿಗೆಯನ್ನು ಒಳಗಿಟ್ಟು, ಎರಡು ಕಪ್ ಚಹಾ ಮಾಡಿ, ಕುಡಿದು ಮುಗಿಸುವ ಹೊತ್ತಿಗೆ ಪಶ್ಚಿಮ ಕಪ್ಪಿಟ್ಟಿತು. ಮತ್ತೆ ಹತ್ತು ನಿಮಿಷಕ್ಕೆ ದಪ್ಪ ಹನಿ ಬಿತ್ತು. ಟಿವಿಯಲ್ಲಿ ನಾಯಕಿಯ ಮುಖ ಚೌಕ ಚೌಕವಾಗಿ ಒಡೆದು, ಪರದೆ ಕಪ್ಪಾಯಿತು.

"ಈಗ ನಮ್ಮದೂ ಹೋತು," ಎಂದು ಗಂಗವ್ವ ಸಮಾಧಾನವಾಗಿ ಹೇಳಿ, ಅಮ್ಮಿನಬಾವಿಯಲ್ಲಿದ್ದ ಸೋದರಸೊಸೆಗೆ ಫೋನ್ ಮಾಡಿ ಕಾಳು ಒಳಗೆ ಹಾಕಲು ತಿಳಿಸಿದರು.

ಇಂದುಮತಿ ಖಾಲಿ ಕಪ್ ಕೆಳಗಿಟ್ಟಳು. "ಅತ್ತಿ, ಹಿಂಗ ಎಷ್ಟು ದಿನದಿಂದ ಮಾಡಾಕತ್ತೀರಿ?"

"ಐದಾರು ವರ್ಷ ಆತು ನೋಡು. ನಾವು ಐದು ಮಂದಿ ಅದೀವಿ, ಐದೂರಾಗ. ಚಿತ್ರ ಹೋದ ಊರಾಗ ಮಳಿ. ಅದು ಯಾವ ಕಡೆ ನಡದೈತಿ ನೋಡಿ, ಮುಂದಿನೂರಿಗೆ ಹೇಳಿಬಿಡತೀವಿ. ಇದರಾಗೇನೈತಿ?"

ಮರುದಿನ ಬೆಳಿಗ್ಗೆ ಇಂದುಮತಿ ತನ್ನ ಕೋಣೆಗೆ ಹೋಗದೆ ನೇರವಾಗಿ ನಿಯಂತ್ರಣ ಕೋಣೆಗೆ ಹೋದಳು. ದಸ್ತಗೀರ ನದಾಫ ಅಲ್ಲಿನ ಹಿರಿಯ ಇಂಜಿನಿಯರ್. ಮಿತಭಾಷಿ, ಹದಿನೆಂಟು ವರ್ಷದಿಂದ ನಾಲ್ಕನೆಯ ಉಪಗ್ರಹವನ್ನು ಅದರ ಜಾಗದಲ್ಲಿ ಹಿಡಿದು ನಿಲ್ಲಿಸಿದವನು. ಅವಳು ಸಂಡಿಗೆಯ ಕಥೆ ಹೇಳಿ ಮುಗಿಸಿದಾಗ ಅವನು ನಿನ್ನೆಯ ದೋಷಗಳ ಪಟ್ಟಿ ತೆರೆದು ನೋಡಿದ.

"ಖರೇ ಐತ್ರಿ ಅಕ್ಕಾರ," ಎಂದ. "ನಮ್ಮ ತರಂಗ ಭಾಳ ಸಣ್ಣದು, ಹೆಚ್ಚೂ ಕಡಿಮಿ ಒಂದು ಇಂಚು. ಮಳೀ ಹನಿ ಅದನ್ನ ನುಂಗತೈತಿ. ಜಿಟಿಜಿಟಿ ಇದ್ರ ಸ್ವಲ್ಪ ನುಂಗತೈತಿ, ಜೋರಿದ್ರ ಪೂರಾ ನುಂಗತೈತಿ. ಎಷ್ಟು ಕಡಿಮಿ ಆತು ಅಂತ ಪ್ರತಿ ಮನ್ಯಾಗಿನ ಸೆಟ್‌ಟಾಪ್ ಪೆಟ್ಟಿಗೀಗೂ ಗೊತ್ತಿರತೈತಿ. ನಾವು ಇಷ್ಟು ವರ್ಷ ಅದನ್ನ ದೋಷ ಅಂತ ಬರದು ಮೂಲ್ಯಾಗ ಒಗದೀವಿ."

"ಅಂದ್ರ ಒಂದೊಂದು ಡಿಶ್ಶೂ ಒಂದೊಂದು ಮಳೆಮಾಪಕ."

"ಹೌದ್ರಿ. ಸರ್ಕಾರದ ಮಳೆಮಾಪಕ ಹೋಬಳಿಗೊಂದೋ ಎರಡೋ ಇರತಾವು. ಡಿಶ್ ಮನಿಗೊಂದು. ಟಿವಿ ಬಿಟ್ಟವರ ಮಾಳಗಿ ಮ್ಯಾಲೂ ಇನ್ನೂ ಹಂಗ ನಿಂತಾವು, ಯಾರೂ ತಗದಿಲ್ಲ."

"ಆ ಸಣ್ಣ ಉಪಗ್ರಹದವರು ಇದನ್ನ ಮಾಡಾಕ ಬರೂದಿಲ್ಲೇನು?"

ದಸ್ತಗೀರ ಮೊದಲ ಸಲ ನಕ್ಕ. "ಅವು ಓಡತಾವ್ರಿ. ಒಂದು ಈ ಕಡಿಂದ ಬರತೈತಿ, ಇನ್ನೊಂದು ಆ ಕಡೀಗೆ ಹೋಗತೈತಿ. ದಾರಿನ ಒಂದ ಇಲ್ಲಂದ್ರ ಏನು ಅಳೀತಾರ? ನಮ್ಮದು ನಿಂತಲ್ಲೇ ನಿಂತೈತಿ. ಈ ಮಾಳಿಗೀಯಿಂದ ಆ ಉಪಗ್ರಹಕ್ಕ ಯಾವತ್ತೂ ಒಂದ ಗೆರಿ. ಗೆರಿ ಮ್ಯಾಲ ಮಳಿ ಬಿತ್ತೋ, ಗೊತ್ತಾತು."

ಇಂದುಮತಿ ಆ ದಿನವೇ ಗಲಗಲಿಯವರ ಮುಂದೆ ಕೂತು ಹೇಳಿದಳು: ನಾವು ಇನ್ನು ಚಿತ್ರ ಮಾರುವುದಲ್ಲ, ಮಳೆಯ ಸುದ್ದಿ ಮಾರುವುದು. ಗಲಗಲಿಯವರು ಕನ್ನಡಕ ತೆಗೆದು ಒರೆಸಿಕೊಂಡರು. ಇದನ್ನು ಯಾರು ಕೊಳ್ಳುತ್ತಾರೆಂದು ಕೇಳಿದರು. ಅದಿನ್ನೂ ತನಗೂ ಗೊತ್ತಿಲ್ಲವೆಂದಳು. ಆದರೂ ಅವರು ಒಂದು ಪ್ರದೇಶದಲ್ಲಿ ಪ್ರಯೋಗ ಮಾಡಲು ಒಪ್ಪಿದರು.

ಅವರು ಆರಿಸಿಕೊಂಡದ್ದು ಕರೇಹಳ್ಳದ ಬಯಲು. ಪಶ್ಚಿಮದ ಗುಡ್ಡಗಳಲ್ಲಿ ಹುಟ್ಟಿ, ಕರಿಮಣ್ಣಿನ ಎರೆಹೊಲಗಳ ನಡುವೆ ಹರಿಯುವ ಹಳ್ಳ ಅದು. ವರ್ಷದಲ್ಲಿ ಹತ್ತು ತಿಂಗಳು ಮೊಣಕಾಲುದ್ದ ನೀರೂ ಇರುವುದಿಲ್ಲ. ಮೇಲೆ ಎಲ್ಲೋ ಮಳೆ ಸುರಿದರೆ, ಕೆಳಗಿನವರ ತಲೆಯ ಮೇಲೆ ಬಿಸಿಲು ಇರುವಾಗಲೇ, ಗೋಡೆಯ ಹಾಗೆ ನೀರು ಬರುತ್ತದೆ.

ಟಿವಿ ಇದ್ದ ಮನೆಗಳಲ್ಲಿ ಪೆಟ್ಟಿಗೆಗೆ ಇಂಟರ್ನೆಟ್ ಇರುತ್ತಿತ್ತು, ಸಾಫ್ಟ್‌ವೇರ್ ಬದಲಿಸಿದರೆ ಸಾಕಿತ್ತು. ಟಿವಿ ಬಿಟ್ಟವರ ಡಿಶ್‌ಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಡಬ್ಬಿ ಬೇಕಾಯಿತು. ಒಳಗೆ ಬ್ಯಾಟರಿ, ಅಳತೆ ಕಳಿಸಲು ಸಿಮ್ಮು, ಡಿಶ್ಶನ್ನು ಉಪಗ್ರಹದತ್ತ ಸರಿಯಾಗಿ ತಿರುಗಿಸಿದಾಗ ಹತ್ತಲು ಒಂದು ಹಸಿರು ದೀಪ. ದಸ್ತಗೀರ ಅದನ್ನು ಕೇಂದ್ರದ ಕಾರ್ಯಾಗಾರದಲ್ಲೇ ಮಾಡಿಸಿದ. ಜೂನ್‌ನಿಂದ ಇಂದುಮತಿ ಊರೂರು ತಿರುಗಿದಳು. ಪುಕ್ಕಟೆ ಯಾಕೆ ಕೊಡುತ್ತೀರಿ, ಆಮೇಲೆ ಏನು ಕೇಳುತ್ತೀರಿ ಎಂದು ಜನ ಅನುಮಾನಪಟ್ಟರು. ಹುಣಸೀಕೊಪ್ಪದಲ್ಲಿ ಡಿಶ್ ಬಿಟ್ಟು ಫೈಬರ್‌ಗೆ ಬದಲಾಗಿದ್ದ ನಿವೃತ್ತ ಹೆಡ್‌ಮಾಸ್ತರರೊಬ್ಬರು ಬಾಗಿಲಲ್ಲೇ ತಡೆದು ನಿಲ್ಲಿಸಿದರು.

"ನಾ ಟಿವ್ಯಾಗ ಏನು ನೋಡತೇನಿ ಅನ್ನೂದು ನಿಮಗ ತಿಳೀತೈತೇನು?"

"ಇಲ್ರಿ ಸರ್. ಸಿಗ್ನಲ್ ಎಷ್ಟು ಕಡಿಮಿ ಆತು ಅನ್ನೂದಷ್ಟ ತಿಳೀತೈತಿ."

"ಹಂಗಂತ ಬರದು ಸಹಿ ಮಾಡಿ ಕೊಡ್ರಿ."

ಅವಳು ಅವರ ಜಗಲಿಯ ಮೇಲೆ ಕೂತು ಕೈಯಾರೆ ಬರೆದುಕೊಟ್ಟಳು. ಮಾಸ್ತರರು ಅದರಲ್ಲಿ ಎರಡು ಕಾಗುಣಿತದ ತಪ್ಪು ತಿದ್ದಿ, ಮಡಚಿ ಜೇಬಿಗಿಟ್ಟುಕೊಂಡು, ಏಣಿ ತಂದು ತಾವೇ ಹಿಡಿದುಕೊಂಡರು. ಆ ಒಕ್ಕಣೆಯನ್ನೇ ಅವಳು ಮುಂದೆ ಎಲ್ಲ ಮನೆಗಳಿಗೂ ಅಚ್ಚು ಹಾಕಿಸಿ ಕೊಟ್ಟಳು. ಸೆಪ್ಟೆಂಬರ್ ಹೊತ್ತಿಗೆ ಕರೇಹಳ್ಳದ ಎರಡೂ ದಂಡೆಗಳಲ್ಲಿ ಒಂಬತ್ತು ಸಾವಿರ ಡಿಶ್‌ಗಳು ನಿಮಿಷಕ್ಕೊಮ್ಮೆ ಮಾತಾಡತೊಡಗಿದವು. ನಿಯಂತ್ರಣ ಕೋಣೆಯ ಗೋಡೆಯ ಮೇಲಿನ ನಕ್ಷೆಯಲ್ಲಿ ಮಳೆ ಕೆಂಪು ನೆರಳಿನ ಹಾಗೆ ಒಂದೂರಿನಿಂದ ಇನ್ನೊಂದೂರಿಗೆ ನಡೆದುಹೋಗುವುದನ್ನು ನೋಡಲು ಕೇಂದ್ರದ ಅಡುಗೆಯವರೂ ಬಂದು ನಿಲ್ಲುತ್ತಿದ್ದರು.

ಮಹಾನವಮಿಗೆ ಮುಂಚಿನ ವಾರ ಇಂದುಮತಿ ಒಂದು ಬೆಳೆವಿಮೆ ಕಂಪನಿಯವರನ್ನು ಕರೆಸಿದಳು. ಮೂವರು ಬಂದರು. ನಕ್ಷೆ ನೋಡಿದರು. ಅಷ್ಟರಲ್ಲಿ ಬಯಲಿನ ನಡುವಿನ ಒಂದು ಊರು ಕಡುಗೆಂಪಾಯಿತು. ಭಾರೀ ಮಳೆ. ಬಂದವರಲ್ಲಿ ಒಬ್ಬರು, ಹೋಗಿಯೇ ನೋಡೋಣ ಎಂದರು. ಮುಕ್ಕಾಲು ಗಂಟೆಯ ದಾರಿ. ಊರು ತಲುಪಿದರೆ ರಸ್ತೆಯಲ್ಲಿ ಧೂಳು ಏಳುತ್ತಿತ್ತು. ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ.

ಹಬ್ಬಕ್ಕೆ ಮುಂಚೆ ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ತೊಳೆಯುವುದು ಆ ಸೀಮೆಯ ಪದ್ಧತಿ. ಇಡೀ ಓಣಿಯ ಹೆಂಗಸರು ಕೌದಿ, ಕಂಬಳಿಗಳನ್ನು ಒಗೆದು, ಮಾಳಿಗೆಯ ಮೇಲೆ ಅನುಕೂಲವಾಗಿ ನಿಂತಿದ್ದ ಡಿಶ್‌ಗಳ ಮೇಲೆ ಹರವಿದ್ದರು. ನೀರು ತೊಟ್ಟಿಕ್ಕುವ ಕೌದಿಗಳು ಸಿಗ್ನಲ್ಲನ್ನು ಮಳೆಗಿಂತ ಚೆನ್ನಾಗಿ ನುಂಗಿದ್ದವು. ವಿಮೆಯವರು ನಗಲಿಲ್ಲ, ಇಂದುಮತಿಗೆ ಅವರು ನಕ್ಕಿದ್ದರೇ ವಾಸಿ ಎನಿಸಿತು. ಸಂಜೆ ಗಲಗಲಿಯವರು ಬೈಯಲಿಲ್ಲ. "ಸದ್ಯಕ್ಕ ಹೊರಗಿನವರಿಗೆ ಯಾರಿಗೂ ಏನೂ ಹೇಳೂದು ಬ್ಯಾಡ," ಎಂದಷ್ಟೇ ಹೇಳಿದರು.

ದಸ್ತಗೀರ ಮೂರು ದಿನ ನಿಯಂತ್ರಣ ಕೋಣೆ ಬಿಟ್ಟು ಏಳಲಿಲ್ಲ. ನಾಲ್ಕನೆಯ ದಿನ ಇಂದುಮತಿಯ ಬಾಗಿಲಲ್ಲಿ ಬಂದು ನಿಂತ. "ಅಕ್ಕಾರ, ಮಳಿ ನಡೀತೈತಿ. ಕೌದಿ ನಡಿಯೂದಿಲ್ಲ," ಎಂದ. ಮಳೆಯಲ್ಲಿ ಸಿಗ್ನಲ್ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ಒದ್ದೆ ಬಟ್ಟೆಯ ಕೆಳಗೆ ಅದು ಒಮ್ಮೆಲೇ ಬಿದ್ದು ಅಲ್ಲೇ ಕೂರುತ್ತದೆ. ಮಳೆ ಒಂದು ಓಣಿಯಿಂದ ಇನ್ನೊಂದಕ್ಕೆ ಸರಿಯುತ್ತದೆ, ಕೌದಿ ಸರಿಯುವುದಿಲ್ಲ. ಈ ಎರಡನ್ನೂ ಲೆಕ್ಕದೊಳಗೆ ಸೇರಿಸಿದ್ದೇನೆ ಎಂದ. ಅದನ್ನು ಪರೀಕ್ಷಿಸಿ ನೋಡಲು ಅವರಿಗೆ ಹನ್ನೆರಡು ದಿನ ಸಿಕ್ಕಿತು.

ಅಕ್ಟೋಬರ್‌ನ ಒಂದು ಗುರುವಾರ, ಮಧ್ಯಾಹ್ನ ಎರಡೂ ಮುಕ್ಕಾಲು. ಗಲಗಲಿಯವರು ಬೆಂಗಳೂರಿಗೆ ಹೋಗಿದ್ದರು. ಮಂದಾರದವರ ಕರಾರನ್ನು ಇನ್ನೆರಡು ವರ್ಷ ಮುಂದುವರಿಸುವ ಮಾತುಕತೆ. ದಸ್ತಗೀರ ಫೋನ್ ಮಾಡಿ ಇಂದುಮತಿಯನ್ನು ನಿಯಂತ್ರಣ ಕೋಣೆಗೆ ಕರೆದ.

ಕರೇಹಳ್ಳ ಹುಟ್ಟುವ ಗುಡ್ಡಗಳ ಸಾಲು ಪೂರ್ತಿ ಕೆಂಪಾಗಿತ್ತು. ಅಲ್ಲಿನ ಆರುನೂರ ಹನ್ನೆರಡು ಡಿಶ್‌ಗಳಲ್ಲಿ ಐನೂರ ಎಂಬತ್ತರ ಸಿಗ್ನಲ್ ಸಂಪೂರ್ಣ ಇಲ್ಲವಾಗಿತ್ತು.

"ಎಷ್ಟು ಮಳಿ?" ಎಂದಳು.

"ಹೇಳಾಕ ಬರೂದಿಲ್ರಿ. ಪೂರಾ ಹೋದ ಮ್ಯಾಲ ಅಳೀಲಿಕ್ಕೆ ಏನೂ ಉಳಿಯೂದಿಲ್ಲ. ತಾಸಿಗೆ ನಾಲ್ಕು ಇಂಚಿಗಿಂತ ಹೆಚ್ಚು ಅನ್ನಬಹುದು. ಮೂವತ್ತೈದು ನಿಮಿಷ ಆತು ಹಿಂಗ."

"ಕೌದಿ ಅಲ್ಲಲ್ಲ?"

"ನಡ್ಯಾಕತ್ತೈತ್ರಿ ಅಕ್ಕಾರ. ನೋಡ್ರಿ."

ಕೆಂಪು ನೆರಳು ನಿಧಾನವಾಗಿ ಹಳ್ಳದ ಗುಂಟ ಸರಿಯುತ್ತಿತ್ತು. ಹುಣಸೀಕೊಪ್ಪವೂ ಸೇರಿ ಕೆಳಗಿನ ಆರು ಊರುಗಳು ಸ್ವಚ್ಛ ಬೆಳ್ಳಗಿದ್ದವು. ಅಲ್ಲಿ ಬಿಸಿಲಿದೆ. ಅಲ್ಲಿ ಉಳ್ಳಾಗಡ್ಡಿ ಕೀಳುವ ಕಾಲ. ಊರ ಹೆಂಗಸರೆಲ್ಲ ಹಳ್ಳ ದಾಟಿ ಆಚೆಯ ಹೊಲಗಳಲ್ಲಿರುತ್ತಾರೆ. ಇಂದುಮತಿ ಮೇಲಿನ ಊರುಗಳ ಮೂರು ನಂಬರ್‌ಗಳಿಗೆ ಫೋನ್ ಮಾಡಿದಳು. ಮೂರೂ ರಿಂಗಾದವು, ಯಾರೂ ಎತ್ತಲಿಲ್ಲ. ಸರ್ಕಾರಿ ಕಚೇರಿಯೊಂದಕ್ಕೆ ಮಾಡಿದಳು. ಎತ್ತಿದವರು ಸಭ್ಯರೇ. "ಇಲ್ಲಿ ಚಲೋ ಬಿಸಲೈತಲ್ರೀ ಮೇಡಂ," ಎಂದರು. ಯಾರನ್ನಾದರೂ ಕಳಿಸಿ ನೋಡಿಸುತ್ತೇನೆಂದರು. ಆ ಯಾರೋ ಹೋಗಿ ನೋಡಿ ಬರುವುದಕ್ಕೆ ಎರಡು ತಾಸು ಬೇಕು.

"ನೀರು ಹುಣಸೀಕೊಪ್ಪಕ್ಕ ಎಷ್ಟೊತ್ತಿಗೆ ಬರತೈತಿ?"

"ಒಂದು ತಾಸು. ಹೆಚ್ಚಂದ್ರ."

ಮನೆಮನೆಗೆ ಫೋನ್ ಮಾಡುತ್ತ ಕೂರಲು ಹೊತ್ತಿರಲಿಲ್ಲ. ಆ ಆರು ಊರುಗಳಲ್ಲಿ ಇನ್ನೂ ಸಾವಿರದ ಒಂಬೈನೂರು ಮನೆಗಳು ಕಂಪನಿಯ ಡಿಶ್‌ನಿಂದಲೇ ಟಿವಿ ನೋಡುತ್ತಿದ್ದವು. ಮಧ್ಯಾಹ್ನದ ಧಾರಾವಾಹಿ ನಡೆಯುತ್ತಿತ್ತು. ಆ ಪೆಟ್ಟಿಗೆಗಳಿಗೆ ಮಾತ್ರ ಬೇರೆ ಚಿತ್ರ ಕಳಿಸುವುದು ಒಂದು ಗುಂಡಿ ಒತ್ತುವ ಕೆಲಸ. ಆದರೆ ಗಿರಾಕಿಯ ಪ್ರಸಾರವನ್ನು ನಡುವೆ ಕಡಿಯುವಂತಿಲ್ಲವೆಂದು ಕರಾರಿನಲ್ಲಿ ಸ್ಪಷ್ಟವಾಗಿತ್ತು. ಆ ಕರಾರಿನ ಕರಡು ಬರೆದವಳು ಅವಳೇ.

ಗಲಗಲಿಯವರಿಗೆ ಫೋನ್ ಮಾಡಿದಳು. ಅವರು ಸಭೆಯಿಂದ ಹೊರಗೆ ಬಂದು ಎಲ್ಲ ಕೇಳಿಸಿಕೊಂಡರು.

"ಇಂದುಮತಿ, ನಾ ಅವರ ಎದುರಿಗೇ ಕೂತೀನಿ. ಇವತ್ತು ಅವರ ಚಿತ್ರ ಕಡದ್ರ ನಾಳೆ ಅವರು ಇರೂದಿಲ್ಲ. ಹ್ವಾದ ತಿಂಗಳು ಕೌದಿ ಆಗಿತ್ತು. ಇದೂ ಹಂಗ ಆದ್ರ?"

"ಆಗೂದಿಲ್ಲ ಅಂತ ಹೇಳಾಕ ಬರೂದಿಲ್ರಿ ಸರ್. ಆದ್ರ ಇದು ಮಳಿ ಅಂತ ನನಗ ಅನಸ್ತೈತಿ."

"ನಾ ಹೂಂ ಅನ್ಲಾರೆ," ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

ಫೋನಿಟ್ಟ ಮೇಲೆ ಇಂದುಮತಿ ಒಂದು ನಿಮಿಷ ಗೋಡೆಯ ನಕ್ಷೆ ನೋಡುತ್ತ ನಿಂತಳು. ನೂರಾ ನಲವತ್ತು ಜನರಲ್ಲಿ ಅರ್ಧ ಜನರ ಮುಖ, ಅವರ ಮಕ್ಕಳ ಹೆಸರು ಅವಳಿಗೆ ಗೊತ್ತಿದ್ದವು. ಹುಣಸೀಕೊಪ್ಪದ ಜಗಲಿಗಳೂ ಗೊತ್ತಿದ್ದವು. ಒಂದು ಹಾಳೆ ಎಳೆದುಕೊಂಡು ಬರೆದಳು.

"ಇದನ್ನ ಹಾಕ್ರಿ."

ದಸ್ತಗೀರ ಓದಿದ. "ದಿನಚರಿಯೊಳಗ ಯಾರ ಹೆಸರು ಬರೀಲ್ರಿ?"

"ನಂದು. ಪೂರಾ ಹೆಸರು ಬರೀರಿ."

ಮೂರು ಗಂಟೆಗೆ ಮೂರು ನಿಮಿಷವಿದ್ದಾಗ ಆ ಆರು ಊರುಗಳ ಟಿವಿಗಳಲ್ಲಿ ಧಾರಾವಾಹಿ ನಿಂತು ನೀಲಿ ಪರದೆ ಬಂತು. 'ಗುಡ್ಡದ ಕಡೆ ಭಾರೀ ಮಳೆ ಬಿದ್ದಿದೆ. ಒಂದು ತಾಸಿನೊಳಗೆ ಕರೇಹಳ್ಳಕ್ಕೆ ನೀರು ಬರುತ್ತದೆ. ಹಳ್ಳದ ಆಚೆ ಇರುವವರನ್ನು ಈಗಲೇ ಕರೆಯಿರಿ.' ಎಂದಿನಂತೆ ಪರದೆಯ ಕೆಳಗೆ ಕಂಪನಿಯ ದೂರು ವಿಭಾಗದ ನಂಬರ್.

ಆಮೇಲೆ ಏನೂ ಆಗಲಿಲ್ಲ. ಮೂರೂ ಹತ್ತಕ್ಕೆ ಮಂದಾರದವರ ಮೊದಲ ಫೋನ್ ಬಂತು. ಮೂರೂ ಇಪ್ಪತ್ತಕ್ಕೆ ಎರಡನೆಯದು, ಕರಾರು ರದ್ದು ಮಾಡುತ್ತೇವೆಂದು ಅವರ ವಕೀಲರದು. ಇಂದುಮತಿ ಪ್ರತಿಯೊಬ್ಬರಿಗೂ ಮಾಡಿದವಳು ನಾನೇ ಎಂದು ಹೇಳಿದಳು. ಮೂರೂ ಮುಕ್ಕಾಲು ಆಯಿತು. ನಾಲ್ಕು ಆಯಿತು. ನೀಲಿ ಪರದೆ ಹಾಗೇ ಇತ್ತು. ಹಳ್ಳದಲ್ಲಿ ನೀರು ಬಂತೋ ಇಲ್ಲವೋ ಹೇಳುವ ಯಾವ ಸಾಧನವೂ ಅವರಲ್ಲಿರಲಿಲ್ಲ. ಡಿಶ್‌ಗಳು ಆಕಾಶವನ್ನು ನೋಡುತ್ತಿದ್ದವೇ ಹೊರತು ನೆಲವನ್ನಲ್ಲ. ದಸ್ತಗೀರ ನೀರು ತಂದು ಅವಳ ಮುಂದಿಟ್ಟ.

ನಾಲ್ಕೂ ಹದಿನೈದಕ್ಕೆ ದೂರು ವಿಭಾಗದಿಂದ ಕರೆಯೊಂದನ್ನು ಮೇಲಕ್ಕೆ ಕಳಿಸಿದರು. ಹೆಂಗಸಿನ ದನಿ, ಏದುಸಿರು. ಹಿಂದೆ ಬಹಳ ಜನರ ಗದ್ದಲ.

"ಯಾರ್ರೀ ನೀವು, ಟಿವ್ಯಾಗ ಬರದವರು?"

"ನಾ ಇಂದುಮತಿ ಅಂತ್ರಿ. ತಾವು ಯಾರು?"

"ನಾ ಹುಣಸೀಕೊಪ್ಪದ ರೇಣವ್ವ. ಬಟ್ಟಿ ಹೊಲೀತೇನಿ. ಮಿಷನ್ ಮುಂದ ಟಿವಿ ಹಚ್ಚಿರತೇನ್ರಿ. ನಿಮ್ಮ ಅಕ್ಷರ ನೋಡಿ ಮೊದಲು ಸಿಟ್ಟು ಬಂತು, ಚಲೋ ಕಂತು ಇತ್ತು. ಆಮ್ಯಾಲ ನಮ್ಮ ಸೊಸಿ ಆಚೀ ಹೊಲದಾಗ ಅದಾಳ ಅಂತ ನೆನಪಾತು. ಫೋನ್ ಎತ್ತಲಿಲ್ಲ ಅಕಿ. ಓಡಿಹೋಗಿ ಮಸೂತಿ ಮೈಕಿನ್ಯಾಗ ಕೂಗಿಸಿದ್ನಿ. ಕೆಲವರು ಬಂದ್ರು, ಕೆಲವರು ಬಿಸಲಾಗ ಎಲ್ಲೀ ನೀರು ಅಂತ ನಕ್ಕೋತ ಕೂತ್ರು. ಹೆಡ್‌ಮಾಸ್ತರ್ ತಾವ ಹಳ್ಳಕ್ಕಿಳದು ಹೋಗಿ ಬೈದು ಕರಕೊಂಡು ಬಂದ್ರು." ಅವಳು ಉಸಿರು ಎಳೆದುಕೊಂಡಳು. "ಈಗ ಹಳ್ಳ ಸೇತುವಿ ಮ್ಯಾಲ ಹೊಂಟೈತ್ರಿ. ಕೆಂಪ ನೀರು. ಮರ ತೇಲಿ ಬರಾಕತ್ತಾವು."

"ಮಂದಿ?"

"ಎಲ್ಲಾರೂ ಈಚಿ ದಂಡಿ ಮ್ಯಾಲ ಅದಾರ್ರಿ. ಎಣಿಸೀವಿ. ಎರಡು ಸಲ ಎಣಿಸೀವಿ."

ಇಂದುಮತಿ ಫೋನನ್ನು ಕಿವಿಯಿಂದ ತೆಗೆದು, ಮೇಜಿನ ಮೇಲಿಟ್ಟು, ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ದಸ್ತಗೀರ ಕಿಟಕಿಯ ಕಡೆ ತಿರುಗಿ ನಿಂತ.

ಆ ದಿನ ಕರೇಹಳ್ಳ ಒಂದು ಸೇತುವೆಯನ್ನು, ಎರಡು ಟ್ರ್ಯಾಕ್ಟರ್‌ಗಳನ್ನು, ಕಟ್ಟಿಟ್ಟ ಉಳ್ಳಾಗಡ್ಡಿಯನ್ನೆಲ್ಲ ಕೊಂಡೊಯ್ದಿತು. ಮನುಷ್ಯರಲ್ಲಿ ಒಬ್ಬರನ್ನೂ ಒಯ್ಯಲಿಲ್ಲ.

ಮಂದಾರದವರು ತಮ್ಮ ಮಾತಿಗೆ ತಪ್ಪಲಿಲ್ಲ. ಒಂದು ವಾರದಲ್ಲಿ ಕರಾರು ರದ್ದಾದ ಪತ್ರ ಬಂತು. ನವೆಂಬರ್‌ನ ಸಭೆಯಲ್ಲಿ ಒಬ್ಬ ಸದಸ್ಯರು ಇಂದುಮತಿ ಕಂಪನಿಯ ಕೊನೆಯ ಗಿರಾಕಿಯನ್ನು ಕಳೆದಳೆಂದರು. ಅದು ನಿಜವೇ ಆಗಿದ್ದರಿಂದ ಅವಳು ಎದುರಾಡಲಿಲ್ಲ. ಆಗ ಮಾತಾಡಿದವನು, ಸಭೆಗೆ ನಕ್ಷೆ ತೋರಿಸಲೆಂದು ಮಾತ್ರ ಬಂದಿದ್ದ ದಸ್ತಗೀರ.

"ಚಿತ್ರ ಹೋದದ್ದು ಒಂದು ಲೆಕ್ಕಕ್ಕ ಚಲೋ ಆತ್ರಿ," ಎಂದ. ಎಲ್ಲರೂ ಅವನ ಕಡೆ ತಿರುಗಿದರು. "ಚಿತ್ರ ಕಳಸಬೇಕಂದ್ರ ಉಪಗ್ರಹ ಒಂದಿಷ್ಟೂ ಅಲ್ಲಾಡಬಾರದು. ಇಂಧನ ಬಹುತೇಕ ಅದಕ್ಕ ಖರ್ಚಾಗತಿತ್ತು. ಮಳಿ ಅಳಿಯಾಕ ಚಿತ್ರ ಬೇಕಾಗಿಲ್ಲ, ಒಂದ ಸಮಾ ಒಂದು ನಾದ ಕಳಿಸಿದ್ರ ಸಾಕು. ದಿನಾ ಸ್ವಲ್ಪ ಉತ್ತರಕ್ಕ ದಕ್ಷಿಣಕ್ಕ ತೂಗಾಡಿದ್ರೂ ನಡೀತೈತಿ, ಎಷ್ಟು ತೂಗತೈತಿ ಅಂತ ನಮಗ ಗೊತ್ತಿರತೈತಿ, ಕಳದುಬಿಡತೀವಿ. ಐದು ವರ್ಷದ ಇಂಧನ ಹನ್ನೆರಡು ವರ್ಷ ಬರತೈತಿ."

ಗಲಗಲಿಯವರು ಎದ್ದು ನಿಂತರು. ಅಂದು ತಾವು ಹೂಂ ಅನ್ನಲಿಲ್ಲ ಎಂಬುದನ್ನು ಅವರು ಸಭೆಯ ಮುಂದೆ ತಾವಾಗಿಯೇ ಹೇಳಿದರು. ಆಮೇಲೆ, ನಾಲ್ಕನೆಯ ಉಪಗ್ರಹವನ್ನು ಉಳಿಸಿಕೊಳ್ಳಬೇಕೆಂದು ನನ್ನ ಶಿಫಾರಸು ಎಂದರು. ಒಂದು ಮತದ ಅಂತರದಲ್ಲಿ ಅದು ಉಳಿಯಿತು.

ಎಲ್ಲರೂ ಉಳಿಯಲಿಲ್ಲ. ಪ್ರಸಾರ ವಿಭಾಗದ ಐವತ್ತೆರಡು ಜನ ಹೊರಟರು. ಬೀಳ್ಕೊಡುಗೆಯ ದಿನ ಇಂದುಮತಿ ಒಬ್ಬೊಬ್ಬರ ಕೈ ಹಿಡಿದು ಮಾತಾಡಿಸಿದಳು, ಇಬ್ಬರು ಮಾತಾಡಲಿಲ್ಲ. ಹೊರಟವರಲ್ಲಿ ಹದಿನೆಂಟು ಜನ ಬೇಸಿಗೆಯ ಹೊತ್ತಿಗೆ ಡಬ್ಬಿ ಕೂಡಿಸುವ, ಊರೂರಿಗೆ ಹೋಗಿ ಡಿಶ್ ತಿರುಗಿಸುವ ಕೆಲಸಕ್ಕೆ ಮರಳಿ ಬಂದರು. ಗಂಗವ್ವನಿಗೆ ಮಹಾಂತೇಶ ಫೈಬರ್ ತಂತಿ ಎಳೆಸಿಕೊಟ್ಟ. ಮಳೆ ಬಂದರೂ ಈಗ ನಾಯಕಿಯ ಮುಖ ಒಡೆಯುತ್ತಿರಲಿಲ್ಲ. ಇದರಲ್ಲಿ ಹೊರಗೆ ಏನು ನಡೆದಿದೆ ಎಂಬುದೇ ತಿಳಿಯುವುದಿಲ್ಲ ಎಂದು ಗಂಗವ್ವ ಒಂದು ತಿಂಗಳು ಗೊಣಗಿದರು. ಆಮೇಲೆ ಕಂಪನಿಯ ನಕ್ಷೆಯನ್ನು ಫೋನಿನಲ್ಲಿ ನೋಡಲು ಕಲಿತು, ತಂಗಿಗಿಂತ ಮೊದಲು ತಾವೇ ಫೋನ್ ಮಾಡತೊಡಗಿದರು.

ಇಂದುಮತಿ ದೊಡ್ಡ ಗಿರಾಕಿಗಳನ್ನು ಹುಡುಕುವುದನ್ನು ಬಿಟ್ಟಳು. ಒಬ್ಬನೇ ದೊಡ್ಡ ಗಿರಾಕಿ ಎದ್ದು ಹೋದರೆ ಏನಾಗುತ್ತದೆಂದು ಅವಳು ಕಂಡಿದ್ದಳು. ಪಂಚಾಯಿತಿಗಳಿಗೆ ಹೋದಳು: ಮನೆಮನೆಯ ಡಿಶ್ ಮಳೆ ಅಳೆಯುತ್ತದೆ, ಮೇಲೆ ಎಲ್ಲಾದರೂ ಮಳೆ ಬಿದ್ದರೆ ಊರಿನವರ ಫೋನಿಗೆ ಸುದ್ದಿ ಬರುತ್ತದೆ. ಒಂದೊಂದೂ ಚಿಕ್ಕದು, ವರ್ಷಕ್ಕೊಮ್ಮೆ ಕೊಡುವ ಚಂದಾ ಕೂಡ ಚಿಕ್ಕದು. ಆದರೆ ಹಳ್ಳ, ಹೊಲ, ಕೆರೆ ಇರುವ ಪಂಚಾಯಿತಿಗಳು ಎಣಿಸಲಾರದಷ್ಟಿದ್ದವು. ಜನವರಿಗೆ ನಲವತ್ತು ಸೇರಿದವು. ಮಾರ್ಚ್‌ಗೆ ನೂರಾ ಹತ್ತು. ವಿಮೆ ಕಂಪನಿಯವರೂ ಮತ್ತೆ ಫೋನ್ ಮಾಡಿದರು. ಈ ಸಲ ಅವರೇ.

ಏಪ್ರಿಲ್‌ನಲ್ಲಿ ಅವಳು ಯರೇಕೊಪ್ಪ ಎಂಬ ಊರಿನ ಪಂಚಾಯಿತಿ ಸಭೆಯಲ್ಲಿ ನಿಂತಿದ್ದಳು. ಹೇಳುವುದನ್ನೆಲ್ಲ ಹೇಳಿ ಮುಗಿಸಿದ ಮೇಲೆ, ಹಿಂದೆ ಕಂಬಕ್ಕೊರಗಿ ಕೂತಿದ್ದ ಮುದುಕನೊಬ್ಬ ಕೈ ಎತ್ತಿದ. ಹೆಗಲ ಮೇಲೆ ಕಂಬಳಿ, ಪಕ್ಕದಲ್ಲಿ ಕೋಲು. ಮಾಳಪ್ಪ ಎಂದು ಹೆಸರು, ಕುರಿ ಮೇಯಿಸುವವನು.

"ನಾಳಿ ಮಳಿ ಬರತೈತೋ ಇಲ್ಲೋ, ಅದನ್ನ ಹೇಳತೀರೇನ್ರಿ?"

ಹೌದೆಂದರೆ ಇಡೀ ಸಭೆ ಒಪ್ಪಿಬಿಡುತ್ತಿತ್ತು. ಇಂದುಮತಿಗೆ ಅದು ಗೊತ್ತಿತ್ತು.

"ಇಲ್ರಿ ಯಜಮಾನರ. ನಾಳಿಂದು ನಮಗ ಗೊತ್ತಾಗೂದಿಲ್ಲ. ಈಗ, ಈ ಗಳಿಗ್ಯಾಗ, ಎಲ್ಲಿ ಎಷ್ಟು ಬೀಳಾಕತ್ತೈತಿ ಅನ್ನೂದಷ್ಟ ಹೇಳತೀವಿ. ಅದೂ ಪೂರಾ ಬರೋಬ್ಬರಿ ಇರತೈತಿ ಅಂತ ಆಣಿ ಮಾಡೂದಿಲ್ಲ."

ಮಾಳಪ್ಪ ಗದ್ದ ಕೆರೆದುಕೊಂಡ. "ನಾಳಿಂದು ಹೇಳವರು ಭಾಳ ಮಂದಿ ಬಂದು ಹೋಗ್ಯಾರ," ಎಂದ. "ಈಗಿಂದು ಹೇಳವರು ನೀವ ಮೊದಲು. ನಾ ರಾತ್ರಿ ಹಳ್ಳದ ದಂಡಿಗೆ ಕುರಿ ತರುಬಿ ಮಲಗತೇನಿ, ನನಗ ಈಗಿಂದ ಬೇಕು. ಆದ್ರ ನನಗ ಮನೀನೂ ಇಲ್ಲ, ಮಾಳಗೀನೂ ಇಲ್ಲ. ಇವತ್ತಿಲ್ಲಿ, ನಾಡಿದ್ದು ಇನ್ನೆಲ್ಲೋ. ಡಿಶ್ ಎಲ್ಲಿ ಇಡ್ಲಿ?"

ಸಭೆ ನಕ್ಕಿತು. ಇಂದುಮತಿ ನಗಲಿಲ್ಲ. ಮನೆಯಿಲ್ಲದ ಗಿರಾಕಿಯನ್ನು ಅವಳು ಯೋಚಿಸಿಯೇ ಇರಲಿಲ್ಲ.

ಸಭೆ ಮುಗಿದ ಮೇಲೆ ಜೀಪಿನಿಂದ ಒಂದು ಸಣ್ಣ ಡಿಶ್, ಒಂದು ಡಬ್ಬಿ ತೆಗೆದುಕೊಂಡು ಅವನ ಜೊತೆ ಹೊಲಕ್ಕೆ ಹೋದಳು. ಕುರಿಗಳು ಜಾಲಿಯ ನೆರಳಿನಲ್ಲಿ ಗುಂಪಾಗಿ ನಿಂತಿದ್ದವು. ಒಂದು ಗೂಟವನ್ನು ಕರಿಮಣ್ಣಿಗೆ ಹೊಡೆದು ಡಿಶ್ ಸಿಕ್ಕಿಸಿದಳು. ದಕ್ಷಿಣಕ್ಕೆ ಮುಖ, ಸ್ವಲ್ಪ ಪಶ್ಚಿಮಕ್ಕೆ ವಾಲಿಸಬೇಕು, 'ದೀಪ ಹತ್ತೋ ತನಕ ಹಗೂರಕ ತಿರುವ್ರಿ' ಎಂದು ತೋರಿಸಲು ಹೊರಟಳು. ಮಾಳಪ್ಪ ಅವಳ ಕೈ ಸರಿಸಿದ.

"ದಿಕ್ಕು ನನಗ ಹೇಳಬ್ಯಾಡ್ರಿ ತಂಗಿ. ಅದು ಎಲ್ಲೈತಿ ಅಂತ ಬೊಟ್ಟು ಮಾಡಿ ಒಮ್ಮಿ ತೋರಸ್ರಿ, ಸಾಕು."

ಅವಳು ಬಿಸಿಲಿನ ಖಾಲಿ ಆಕಾಶದಲ್ಲಿ ಒಂದು ಜಾಗಕ್ಕೆ ಬೆರಳು ಮಾಡಿದಳು. ಅವನು ಕಣ್ಣು ಕಿರಿದು ಮಾಡಿ ಆ ಜಾಗವನ್ನು ನೋಡಿದ, ನೆಲಕ್ಕೆ ಮೊಣಕಾಲೂರಿ ಕೂತ, ಹುಟ್ಟಿದ ಮರಿಯ ತಲೆ ಹಿಡಿದು ಕೆಚ್ಚಲಿನ ಕಡೆ ತಿರುಗಿಸುವವನ ಹಾಗೆ ಡಿಶ್ಶನ್ನು ಎರಡೂ ಅಂಗೈಗಳಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿದ. ಡಬ್ಬಿಯ ಮೇಲೆ ಹಸಿರು ದೀಪ ಒಮ್ಮೆ ಮಿಣುಕಿತು, ಆರಿತು, ಆಮೇಲೆ ಹತ್ತಿ ನಿಂತಿತು.

"ಸಿಕ್ತು ನೋಡ್ರಿ," ಎಂದ ಮಾಳಪ್ಪ.